ಮೇಲುಕೋಟೆಯ ಅಮ್ಮನ ಹೋಟೆಲ್: ಟ್ಯಾಕ್ಸಿ ಓಡಿಸುವವನ ಕಡೆಯಿಂದ ಒಂದು ರಿವ್ಯೂ

ಮೇಲುಕೋಟೆಯಲ್ಲಿ ಪುಳಿಯೋಗರೆ ಚೆನ್ನಾಗಿದೆ ಅಂತ ರಿವ್ಯೂ ಬರೆದರೆ ಜನ ನಗುತ್ತಾರೆ. ಆ ಊರಲ್ಲಿ ಕೆಟ್ಟ ಪುಳಿಯೋಗರೆ ಹುಡುಕುವುದೇ ಕಷ್ಟ. ಹಾಗಾಗಿ ತಿಂಡಿಯ ವಿಷಯ ಆಮೇಲೆ. ನಾನು ಇಲ್ಲಿ ಸ್ಟಾರ್ ಕೊಡುತ್ತಿರುವುದು ಗಲ್ಲಾ ಹಿಂದೆ ಕೂತಿರುವ ಅಮ್ಮನಿಗೆ.

ಹೋಟೆಲಿನ ಹೆಸರು ಹಾಕಿಲ್ಲ. ಬರೆಯುತ್ತೇನೆ ಅಂತ ಹೇಳಿದಾಗ ಅಮ್ಮನೇ ಬೇಡ ಅಂದರು. "ಭಾನುವಾರದ ಜನಕ್ಕೇ ಅನ್ನ ಸಾಕಾಗಲ್ಲ, ನೀನೊಬ್ಬ ಇನ್ನಷ್ಟು ಕಳಿಸ್ಬೇಡ" ಅಂದರು. ಸರಿ ಬಿಡಿ. ಕಲ್ಯಾಣಿಯ ಹತ್ತಿರ ಗಾಡಿ ನಿಲ್ಲಿಸಿ ದೇವಸ್ಥಾನದ ಕಡೆ ನಡೆಯಿರಿ. ಜಗಲಿ ಇರುವ ಹಳೇ ಮನೆ, ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು, ಬಾಗಿಲಲ್ಲಿ ಗೊಜ್ಜಿನ ಪ್ಯಾಕೆಟ್ಟು ಜೋಡಿಸಿಟ್ಟ ಟೇಬಲ್ಲು. ಕನ್ನಡಕ ಹಾಕಿಕೊಂಡ ಅಮ್ಮ ಕೂತಿದ್ದರೆ ಅದೇ.

ನಾನು ಮೈಸೂರಿನಲ್ಲಿ ಟೂರಿಸ್ಟ್ ಕಾರು ಓಡಿಸುತ್ತೇನೆ. ಏಳು ಸೀಟಿನ ಗಾಡಿ, ಹಳದಿ ಬೋರ್ಡು. ಅರಮನೆ, ಝೂ, ಚಾಮುಂಡಿ ಬೆಟ್ಟ, ಸಂಜೆಗೆ ಕೆ.ಆರ್.ಎಸ್., ಇದು ನಮ್ಮ ಮಾಮೂಲಿ ಓಟ. ಪಾರ್ಟಿ ಇನ್ನೊಂದು ದಿನ ಉಳಿದರೆ ಶ್ರೀರಂಗಪಟ್ಟಣ, ರಂಗನತಿಟ್ಟು, ಇಲ್ಲವೇ ಸೋಮನಾಥಪುರ, ತಲಕಾಡು. ಮೇಲುಕೋಟೆಗೆ ಕರ್ಕೊಂಡು ಹೋಗಿ ಅಂತ ತಾವಾಗಿ ಕೇಳುವವರು ತಮಿಳುನಾಡಿನವರು ಮತ್ತು ಬೆಂಗಳೂರಿನ ಅಯ್ಯಂಗಾರ್ ಮನೆಗಳವರು. ಮಿಕ್ಕವರಿಗೆ ನಾವೇ ಹೇಳಬೇಕು.

ಹೇಳುವುದಕ್ಕೂ ಧೈರ್ಯ ಬೇಕು. ಊರು ಹಿಡಿಸದಿದ್ದರೆ ಯಾರೂ ಊರನ್ನು ಬೈಯುವುದಿಲ್ಲ, ಡ್ರೈವರ್‌ನ ಬೈಯುತ್ತಾರೆ. ಮೇಲುಕೋಟೆಯಲ್ಲಿ ಬೈಸಿಕೊಳ್ಳುವುದು ಬಹಳ ಸುಲಭ. ಯಾಕೆ ಅಂದರೆ ಮಧ್ಯಾಹ್ನ ದೇವಸ್ಥಾನ ಬಾಗಿಲು ಹಾಕುತ್ತದೆ. ಮೈಸೂರಿನ ಹೋಟೆಲಿನಲ್ಲಿ ಪಾರ್ಟಿ ಆರಾಮಾಗಿ ಎದ್ದು, ಬಫೆ ತಿಂದು, ಫೋಟೋ ತೆಗೆದುಕೊಂಡು ಹೊರಡುವಾಗ ಹತ್ತು ಗಂಟೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾಟಿ ಮೇಲುಕೋಟೆ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಕೆಳಗೆ ಚೆಲುವನಾರಾಯಣಸ್ವಾಮಿ ದರ್ಶನ ಆಯ್ತು ಅನ್ನುವಷ್ಟರಲ್ಲಿ ಮೇಲೆ ಬೆಟ್ಟದಲ್ಲಿ ಯೋಗಾನರಸಿಂಹನ ಬಾಗಿಲು ಹಾಕಿರುತ್ತಾರೆ. ಕೆಲವರಿಗೆ ಎರಡೂ ಇಲ್ಲ. ಮತ್ತೆ ತೆಗೆಯುವುದು ಸಂಜೆಗೆ. ಅಲ್ಲಿತನಕ ಏನು ಮಾಡಬೇಕು ಅಂತ ಹೇಳುವ ಬೋರ್ಡು ಕಣ್ಣಿಗೆ ಬೀಳುವುದಿಲ್ಲ. ಪಾರ್ಟಿ ಮುಖ ಗಂಟು ಹಾಕಿಕೊಂಡು ಒಂದು ಪ್ಲೇಟು ಪುಳಿಯೋಗರೆ ತಿಂದು "ಚಲೋ ಭೈಯಾ, ವಾಪಸ್" ಅನ್ನುತ್ತದೆ. ಊರಿಗೆ ಅವರಿಂದ ಸಿಕ್ಕಿದ್ದು ಆ ಪ್ಲೇಟಿನ ದುಡ್ಡು ಅಷ್ಟೇ.

ಈ ಅಮ್ಮನ ಹೋಟೆಲಿಗೆ ಹೋದರೆ ಹಾಗಾಗುವುದಿಲ್ಲ. ಏನು ಮಾಡುತ್ತಾರೆ ಅಂತ ನಾನು ಕೂತು ನೋಡಿದ್ದೇನೆ.

ಮೊದಲು ನೀರು. ತಾಮ್ರದ ಹಂಡೆಯ ನೀರನ್ನು ಸ್ಟೀಲ್ ಲೋಟದಲ್ಲಿ ಕೊಡುತ್ತಾರೆ. ಬಾಟಲಿ ಬೇಕೇ ಬೇಕು ಅಂದವರಿಗೆ ಬಾಟಲಿ, ಮೇಲೆ ಏನು ರೇಟು ಇದೆಯೋ ಅದೇ. ಆಮೇಲೆ ಕೇಳುವ ಪ್ರಶ್ನೆ "ಏನು ಕೊಡ್ಲಿ" ಅಂತಲ್ಲ. "ಬಾತ್‌ರೂಮಿಗೆ ಹೋಗ್ಬೇಕಾ?" ಅಂತ. ಮೈಸೂರಿನಿಂದ ಒಂದೂವರೆ ಗಂಟೆ ಕಾರಿನಲ್ಲಿ ಕೂತು ಬಂದ ಹೆಂಗಸರಿಗೆ, ಮಕ್ಕಳಿಗೆ, ಸಕ್ಕರೆ ಕಾಯಿಲೆ ಇರುವ ದೊಡ್ಡವರಿಗೆ ಬೇಕಾಗಿರುವುದೇ ಅದು. ಕೇಳಲು ನಾಚಿಕೆ. ಹಿತ್ತಿಲಲ್ಲಿ ಅವರ ಮನೆಯದೇ ಬಾತ್‌ರೂಮು. ಹಳೇದು, ಟೈಲ್ಸ್ ಎಲ್ಲ ಇಲ್ಲ. ಆದರೆ ಒಣಗಿರುತ್ತದೆ, ಬಕೆಟ್ಟಿನಲ್ಲಿ ನೀರಿರುತ್ತದೆ, ಒಳಗಿನ ಚಿಲಕ ಸರಿಯಾಗಿ ಬೀಳುತ್ತದೆ. ತಿಂದರೂ ಸರಿ, ತಿನ್ನದಿದ್ದರೂ ಸರಿ, ದುಡ್ಡಿಲ್ಲ.

ನಮ್ಮ ಕಡೆ ಒಂದು ಜಾಗದಲ್ಲಿ, ಊರು ಹೇಳಲ್ಲ, ಬಿಲ್ ತೋರಿಸಿದರೆ ಮಾತ್ರ ಬಾತ್‌ರೂಮಿನ ಬೀಗದ ಕೈ ಕೊಡುತ್ತಿದ್ದರು. ನನ್ನ ಗಾಡಿಯಲ್ಲಿ ಪುಟ್ಟ ಮಗು ಇತ್ತು, ಅದರಪ್ಪ ಬೇಡಿಕೊಂಡ. ಕೌಂಟರಿನವನು ತಲೆ ಎತ್ತಲಿಲ್ಲ. ಆ ಅಪ್ಪ ಬಂದು ಗಾಡಿ ಹತ್ತಿ ಒಂದೇ ಮಾತು ಹೇಳಿದ, ಇನ್ನು ಸೀದಾ ಮೈಸೂರು, ನಡುವೆ ಎಲ್ಲೂ ನಿಲ್ಲಿಸಬೇಡಿ ಅಂತ. ಆ ಊರಲ್ಲಿ ನೋಡಬೇಕಾದ್ದು ಇನ್ನೂ ಮೂರು ಜಾಗ ಇದ್ದವು.

ಮೇಲುಕೋಟೆಗೆ ವಾಪಸ್ ಬರೋಣ. ಪಾರ್ಟಿ ಮುಖ ತೊಳೆದು ಬೆಂಚಿನಲ್ಲಿ ಕೂತ ಮೇಲೆ ಅಮ್ಮ ಅವರ ಜೊತೆಯಲ್ಲಿ ಯಾರ‍್ಯಾರು ಇದ್ದಾರೆ ಅಂತ ಒಮ್ಮೆ ನೋಡುತ್ತಾರೆ. ವಯಸ್ಸಾದವರು, ಮಂಡಿ ಹಿಡಿದುಕೊಂಡು ನಡೆಯುವವರು, ಕೈಗೂಸು. ಆಮೇಲೆ ಪ್ಲಾನು ಹೇಳುತ್ತಾರೆ. "ಈಗ ಬೆಟ್ಟ ಹತ್ಬೇಡಿ. ಸುಸ್ತಾಗಿ ಹೋಗಿ ಬಾಗ್ಲು ನೋಡ್ಕೊಂಡು ಬರ್ತೀರಾ? ಕಲ್ಲು ಬೇರೆ ಕಾದಿರುತ್ತೆ, ಕಾಲು ಸುಡುತ್ತೆ. ಊಟ ಮಾಡಿ, ಒಂದು ಗಳಿಗೆ ಕೂತ್ಕೊಳಿ. ಅಕ್ಕ-ತಂಗಿ ಕೊಳ ನೋಡಿ, ರಾಯಗೋಪುರ ನೋಡಿ. ನಾಲ್ಕು ಗಂಟೆಗೆ ಇಲ್ಲಿಗೇ ಬನ್ನಿ, ಕಾಫಿ ಕುಡ್ದು ಬೆಟ್ಟ ಹತ್ತಿ. ಇಳಿಯುವಾಗ ತಣ್ಣಗಿರುತ್ತೆ." ಒಂದೇ ಉಸಿರಿಗೆ ಇಷ್ಟು. ಕೊನೆಗೆ ಬೆರಳೆತ್ತಿ ಒಂದು ಎಚ್ಚರಿಕೆ: "ಕೈಯಲ್ಲಿ ಕವರ್ ಹಿಡ್ಕೊಂಡ್ ಹೋಗ್ಬೇಡಿ, ಕೋತಿ ಕಿತ್ಕೊಳುತ್ತೆ. ಬ್ಯಾಗು ಇಲ್ಲೇ ಇಡಿ."

ಬ್ಯಾಗು ನಿಜವಾಗಿಯೂ ಅಲ್ಲೇ ಇಡುತ್ತಾರೆ ಜನ. ಗಲ್ಲಾ ಹಿಂದಿನ ಗೂಡಿನಲ್ಲಿ. ಚೀಟಿ ಇಲ್ಲ, ಬೀಗ ಇಲ್ಲ. ದೊಡ್ಡ ಊರಿನಿಂದ ಬಂದವರು ಮೊದಲು ಅನುಮಾನ ಪಡುತ್ತಾರೆ, ನನ್ನ ಮುಖ ನೋಡುತ್ತಾರೆ. ನಾನು ತಲೆ ಆಡಿಸುತ್ತೇನೆ, ಇಡುತ್ತಾರೆ.

ಈಗ ಲೆಕ್ಕ ಹಾಕಿ. ಅರ್ಧ ಗಂಟೆಯಲ್ಲಿ ಹೊರಟು ಹೋಗಬೇಕಾಗಿದ್ದ ಪಾರ್ಟಿ ಸಂಜೆ ತನಕ ಊರಲ್ಲಿ ಉಳಿಯಿತು. ಕೊಳದ ಹತ್ತಿರ ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ಮಾರುವ ಅಕ್ಕನಿಗೆ ವ್ಯಾಪಾರ ಆಯ್ತು. ಬೆಟ್ಟದ ಬುಡದಲ್ಲಿ ಹೂವು, ತುಳಸಿ ಮಾರುವವರಿಗೆ ಆಯ್ತು. ಮಜ್ಜಿಗೆ, ಎಳನೀರು ಆಯ್ತು. ಪಂಚೆ, ಟವೆಲ್ಲು ಕೇಳಿದವರಿಗೆ ಕೈಮಗ್ಗದ ದಾರಿ ತೋರಿಸುತ್ತಾರೆ. ಮೇಲುಕೋಟೆ ನೇಯ್ಗೆಗೂ ಹೆಸರಾದ ಊರು, ಜನಪದ ಸೇವಾ ಟ್ರಸ್ಟಿನವರ ಖಾದಿ ಇಲ್ಲಿನದೇ. ಇದರಲ್ಲಿ ಅಮ್ಮನಿಗೆ ಬಂದದ್ದು ಊಟದ ದುಡ್ಡು ಮತ್ತು ನಾಲ್ಕು ಕಾಫಿ. ಉಳಿದದ್ದೆಲ್ಲ ಪಕ್ಕದವರಿಗೆ. ಒಂದು ಸಲ ಹಾಗೇ ತಮಾಷೆಗೆ ಅಂದೆ, "ಅಮ್ಮಾ, ನೀವು ಊರಿಗೆಲ್ಲಾ ಏಜೆಂಟು." "ಅವರೆಲ್ಲ ನಮ್ಮೋರೇ ಅಲ್ವೇನಪ್ಪ, ಆ ಸೌತೆಕಾಯಿಯವಳ ಮಗಳೇ ನಮ್ಮನೇಲಿ ಪಾತ್ರೆ ತೊಳಿಯೋದು" ಅಂದರು.

ಟೂರಿಸಂ ಇಲಾಖೆಯವರು ಕಟ್ಟಡ ಕಟ್ಟಲಿ, ಲೈಟು ಹಾಕಲಿ, ಬೇಡ ಅನ್ನಲ್ಲ. ಆದರೆ ಬಂದವರನ್ನು ಸಂಜೆ ತನಕ ಊರಲ್ಲಿ ಕೂರಿಸುವುದು ಕಟ್ಟಡ ಅಲ್ಲ, ಹೀಗೆ ಬಾಯಿಬಿಟ್ಟು ದಾರಿ ಹೇಳುವ ಒಬ್ಬರು. ಮೇಲುಕೋಟೆಯಲ್ಲಿ ನೋಡಲು ಏನು ಕಮ್ಮಿ? ರಾಮಾನುಜಾಚಾರ್ಯರು 12ನೇ ಶತಮಾನದಲ್ಲಿ ಬಂದು ವರ್ಷಗಟ್ಟಲೆ ಇದ್ದ ಊರು. ರಾಯಗೋಪುರ ಅರ್ಧಕ್ಕೇ ನಿಂತ ಕಟ್ಟಡ, ಎತ್ತರದ ಕಂಬಗಳು ಮಾತ್ರ ಎದ್ದು ನಿಂತಿವೆ. ಸಿನಿಮಾದವರಿಗೆ ಅದರ ಮೇಲೆ ಭಾರೀ ಪ್ರೀತಿ. ಅಕ್ಕ-ತಂಗಿ ಕೊಳಗಳು ಪಕ್ಕಪಕ್ಕದಲ್ಲೇ ಇದ್ದರೂ ಒಂದರ ನೀರು ಕುಡಿಯಲು, ಇನ್ನೊಂದರದು ಬೇಡ ಅನ್ನುವ ಕಥೆ ಇದೆ. ಆ ಕಥೆಯನ್ನು ನಾನು ಹೇಳಿದರೆ ಎರಡು ನಿಮಿಷ. ಅಮ್ಮ ಹೇಳಿದರೆ ಅಕ್ಕ ಯಾಕೆ ಹಾಗಾದಳು, ತಂಗಿ ಏನು ಮಾಡಿದಳು ಅಂತ ಮಕ್ಕಳು ತುತ್ತು ಬಾಯಲ್ಲಿಟ್ಟುಕೊಂಡು ಕೇಳುತ್ತಾರೆ. ಆಮೇಲೆ ಕೊಳ ನೋಡದೆ ಬರುವುದಿಲ್ಲ ಅಂತ ಅವರೇ ಹಟ ಹಿಡಿಯುತ್ತಾರೆ.

ಭಾಷೆಯ ವಿಷಯ. ಅಮ್ಮನಿಗೆ ಕನ್ನಡ ಬರುತ್ತದೆ, ಅಯ್ಯಂಗಾರ್ ಮನೆಯಾದ್ದರಿಂದ ಅವರ ತರಹದ ತಮಿಳೂ ಬರುತ್ತದೆ. ಹಿಂದಿ ಬರುವುದಿಲ್ಲ. ಇಂಗ್ಲಿಷ್ ಹತ್ತು ಹದಿನೈದು ಪದ. ಒಂದು ಸಲ ಗುಜರಾತಿನ ಕುಟುಂಬ ಒಂದನ್ನು ಕರೆತಂದಿದ್ದೆ. ಮಕ್ಕಳು, ಸೊಸೆಯರು ಬೆಟ್ಟ ಹತ್ತಲು ಹೋದರು. ಅಜ್ಜಿಗೆ ಮಂಡಿ ನೋವು, ಕಾರಲ್ಲೇ ಕೂತಿರುತ್ತೇನೆ ಅಂದರು. ಅಮ್ಮ ಒಪ್ಪಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ನಡುಮನೆಯಲ್ಲಿ ಕುರ್ಚಿ ಹಾಕಿದರು, ಕಾಲಿಗೆ ಒಂದು ಮಣೆ ಕೊಟ್ಟರು, ಫ್ಯಾನು ಅವರ ಕಡೆ ತಿರುಗಿಸಿದರು. ಆವತ್ತು ಗೊಜ್ಜು ಪ್ಯಾಕ್ ಮಾಡುವ ಕೆಲಸ ನಡೆದಿತ್ತು. ಅಜ್ಜಿ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಕೈ ಚಾಚಿದರು. ಅಮ್ಮ ಚಮಚದ ತುದಿಯಲ್ಲಿ ಅಂಗೈಗೆ ಗೊಜ್ಜು ಹಾಕಿದರು. ಅಜ್ಜಿ ನೆಕ್ಕಿ, ಕಣ್ಣು ಮುಚ್ಚಿ, ಎದ್ದು ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಅಮ್ಮ ಒಳಗಿನಿಂದ ಹುಣಸೆಹಣ್ಣಿನ ಉಂಡೆ ತಂದು ತೋರಿಸಿದರು. ಅಜ್ಜಿ ತಲೆ ಆಡಿಸಿದರು. ಬೆಲ್ಲ ತೋರಿಸಿದರು, ಅದಕ್ಕೂ ತಲೆ ಆಡಿಸಿದರು, ಅದು ಗೊತ್ತಿತ್ತು. ಎಳ್ಳಿನ ಡಬ್ಬಿ ತೆಗೆದಾಗ ಮಾತ್ರ ಅಜ್ಜಿ ಬಾಯಿ ಬಿಟ್ಟು ಏನೋ ಅಂದರು, ಇಬ್ಬರೂ ನಕ್ಕರು. ನನಗೆ ಹಿಂದಿ ಬರುತ್ತದೆ, ಹೇಳಿಕೊಡಲಾ ಅಂತ ಹೋದೆ. ಅಮ್ಮ ಕೈಯಲ್ಲೇ ಬೇಡ ಅಂದರು.

ಮಕ್ಕಳು ಬೆಟ್ಟ ಇಳಿದು ಬಂದಾಗ ಅಜ್ಜಿ ಪ್ಯಾಕೆಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾ ಕೂತಿದ್ದರು. ಎಷ್ಟು ಗೊಜ್ಜು ಕೊಂಡರು ಅಂತ ಹೇಳುವುದಿಲ್ಲ, ಡಿಕ್ಕಿಯಲ್ಲಿ ಜಾಗ ಮಾಡಬೇಕಾಯಿತು ಅಂದರೆ ಸಾಕು. ಅವರ ಕಡೆಯವರು ಆಮೇಲೂ ಮೈಸೂರಿಗೆ ಬಂದಾಗ ನನಗೇ ಫೋನ್ ಮಾಡುತ್ತಾರೆ. ಅರಮನೆ ಆಮೇಲೆ ಕೇಳುತ್ತಾರೆ, ಮೊದಲು ಆ ಹೋಟೆಲ್ ಯಾವ ಊರು ಅಂತ ಕೇಳುತ್ತಾರೆ.

ಕಮಿಷನ್ ಬಗ್ಗೆಯೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು ಡ್ರೈವರ್ ಬರೆದ ರಿವ್ಯೂ ಅನ್ನುವ ಕಾರಣಕ್ಕೇ ನಂಬುವುದಿಲ್ಲ. ನಮ್ಮ ಲೈನಿನಲ್ಲಿ ಕಮಿಷನ್ ಇದೆ. ಸೀರೆ ಅಂಗಡಿ, ಗಂಧದ ಅಂಗಡಿ, ಹೈವೇ ಹೋಟೆಲು, ಪಾರ್ಟಿ ಇಳಿಸಿದರೆ ಡ್ರೈವರ್‌ಗೆ ಏನಾದರೂ ಬರುತ್ತದೆ, ಕಡೆಗೆ ಊಟವಾದರೂ ಫ್ರೀ. ಆ ಊಟ ಎಲ್ಲಿ ಕೊಡುತ್ತಾರೆ ಗೊತ್ತಾ? ಎಷ್ಟೋ ಕಡೆ ಹಿಂದುಗಡೆ, ಗ್ಯಾಸ್ ಸಿಲಿಂಡರ್ ಇಡುವ ಜಾಗದಲ್ಲಿ ಒಂದು ಟೇಬಲ್ಲು. ಈ ಅಮ್ಮ ಒಂದು ಪೈಸೆ ಕಮಿಷನ್ ಕೊಡುವುದಿಲ್ಲ. ನನ್ನ ಪ್ಲೇಟಿಗೂ ಪೂರ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ಹೊಸದರಲ್ಲಿ ಕೇಳಿಯೇ ಬಿಟ್ಟಿದ್ದೆ. "ನಿಂಗೆ ಕೊಡೋ ಇಪ್ಪತ್ತು ರೂಪಾಯಿನ ಅವರ ತಟ್ಟೆ ಮೇಲೆ ಹಾಕ್ಬೇಕಾಗುತ್ತಪ್ಪ. ಅದು ನನ್ ಕೈಲಾಗಲ್ಲ" ಅಂದರು. ಆದರೆ ನಾನು ಪಾರ್ಟಿಯ ಪಕ್ಕದ ಬೆಂಚಿನಲ್ಲೇ ಕೂತು ತಿನ್ನುತ್ತೇನೆ. ಎರಡನೇ ಸಲ ಬಡಿಸುವಾಗ ನನ್ನನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಮಧ್ಯಾಹ್ನ ಜಗಲಿ ಮೇಲೆ ಚಾಪೆ ಹಾಸಿ ಮಲಗಲು ಜಾಗ ಕೊಡುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಏರ್‌ಪೋರ್ಟಿಗೆ ಹೋಗಿ ಬಂದವನಿಗೆ ಆ ಒಂದು ಗಂಟೆ ನಿದ್ದೆ ಎಷ್ಟು ದೊಡ್ಡದು ಅಂತ ಗಾಡಿ ಓಡಿಸುವವರಿಗೆ ಗೊತ್ತು. ಪಾರ್ಟಿಗೂ ಅದು ಒಳ್ಳೆಯದೇ, ಸಂಜೆ ವಾಪಸ್ ಕರೆದುಕೊಂಡು ಹೋಗಬೇಕಾದವನು ನಾನೇ ಅಲ್ವಾ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ರಸ್ತೆ ಬದಲಾಗಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಅದಕ್ಕೆ ಮುಂಚೆ ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಊರಿನ ನಡುವೆಯೇ ಹೋಗಬೇಕಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಹೇಗೂ ಇಳಿದು ಬೊಂಬೆ ಕೊಳ್ಳುತ್ತಿದ್ದರು, ಮದ್ದೂರು ವಡೆ ತಿನ್ನುತ್ತಿದ್ದರು. ಈಗ ಬೈಪಾಸಿನಲ್ಲಿ ಎಲ್ಲ ಹಾರಿ ಹೋಗುತ್ತಾರೆ. ಹಳೇ ರಸ್ತೆಯ ಹೋಟೆಲಿನವರ ಗೋಳು ನಮಗೆ ಗೊತ್ತಿದೆ. ಮೇಲುಕೋಟೆ ಮೊದಲಿನಿಂದಲೂ ಮೇನ್ ರೋಡಿನಲ್ಲಿ ಇರಲಿಲ್ಲ, ಬೇಕು ಅಂತ ತಿರುಗಿಸಿಕೊಂಡೇ ಹೋಗಬೇಕಾದ ಊರು. ಈಗ ಶ್ರೀರಂಗಪಟ್ಟಣದವರಿಗೂ ಮಂಡ್ಯದವರಿಗೂ ಅದೇ ಗತಿ ಬಂದಿದೆ. ದಾರಿಯಲ್ಲಿ ಸಿಕ್ಕಿದ್ದಕ್ಕೆ ನಿಲ್ಲಿಸುವ ಕಾಲ ಹೋಯಿತು. ಸ್ಟೇರಿಂಗ್ ತಿರುಗಿಸಬೇಕು ಅಂದರೆ ಯಾರೋ ಒಬ್ಬರು ಹೇಳಿರಬೇಕು, "ಅಲ್ಲಿ ಹೋಗಿ, ಚೆನ್ನಾಗಿ ನೋಡ್ಕೊಳ್ತಾರೆ" ಅಂತ. ಅದನ್ನು ಜಾಹೀರಾತು ಕೊಟ್ಟು ಹೇಳಿಸಲು ಆಗುವುದಿಲ್ಲ.

ಸರಿ, ತಿಂಡಿ. ಪುಳಿಯೋಗರೆ ಪ್ಲೇಟು ನಾನು ಕೊನೆಗೆ ಹೋದಾಗ 50 ರೂಪಾಯಿ. ಅನ್ನ ಉದುರುದುರು, ಗೊಜ್ಜು ಎಲ್ಲ ಅಗುಳಿಗೂ ಹತ್ತಿರುತ್ತದೆ. ಹುಳಿ ಮುಂದೆ, ಬೆಲ್ಲ ಹಿಂದೆ, ಖಾರ ಕೊನೆಗೆ. ಕಡಲೆಕಾಯಿ ಬೀಜ ಗರಿಗರಿ ಇರುತ್ತದೆ, ಅಂದರೆ ಆಗಾಗ ಕಲಸುತ್ತಾರೆ, ಬೆಳಗ್ಗೆ ಕಲಸಿಟ್ಟದ್ದಲ್ಲ. ಸಕ್ಕರೆ ಪೊಂಗಲ್ ನನಗೆ ತುಪ್ಪ ಜಾಸ್ತಿ ಅನಿಸುತ್ತದೆ, ಅದು ಇಷ್ಟ ಇರುವವರು ಬಟ್ಟಲು ನೆಕ್ಕುತ್ತಾರೆ. ಮೊಸರನ್ನ ಚೆನ್ನಾಗಿದೆ. ಮಕ್ಕಳಿಗೆ ಖಾರ ಇಲ್ಲದ ಅನ್ನ ಕೇಳಿದರೆ ಮಾಡಿಕೊಡುತ್ತಾರೆ, ಮುಖ ಸಿಂಡರಿಸುವುದಿಲ್ಲ. ಗೊಜ್ಜು ಕೊಡುವಾಗ ಪ್ರತಿಯೊಬ್ಬರಿಗೂ ಹೇಳುವ ಮಾತು: ಅನ್ನ ಆರಿಸಿ, ಎಳ್ಳೆಣ್ಣೆ ಹಾಕಿ, ಆಮೇಲೆ ಗೊಜ್ಜು, ಒದ್ದೆ ಚಮಚ ಹಾಕಬೇಡಿ. ಇಷ್ಟನ್ನು ಹೇಳದೆ ಮಾರುವ ಅಂಗಡಿಗಳಿವೆ. ಜನ ಬಿಸಿ ಅನ್ನಕ್ಕೆ ಕಲಸಿ ಮುದ್ದೆ ಮಾಡಿಕೊಂಡು, ಮೇಲುಕೋಟೆ ಗೊಜ್ಜು ಏನೂ ಚೆನ್ನಾಗಿಲ್ಲ ಅನ್ನುತ್ತಾರೆ.

ಕೊರತೆ ಇಲ್ಲ ಅಂತಲ್ಲ. ಕಾಫಿಗೆ ಸಕ್ಕರೆ ಮೊದಲೇ ಹಾಕಿಬಿಡುತ್ತಾರೆ, ಬೇಡದವರು ಮುಂಚೆ ಕೂಗಿ ಹೇಳಬೇಕು. ಬಡಿಸುವ ಹುಡುಗನಿಗೆ ಮೊಬೈಲ್ ಕೈಯಲ್ಲಿದ್ದರೆ ಲೋಕದ ಪರಿವೆ ಇಲ್ಲ, ಎರಡು ಸಲ ಕರೆಯಬೇಕು. ಕೈ ತೊಳೆಯುವ ಜಾಗದ ಕಲ್ಲು ಜಾರುತ್ತದೆ. ನನ್ನ ಪಾರ್ಟಿಯ ಒಬ್ಬರು ಬೀಳುವುದರಲ್ಲಿದ್ದರು, ಅಮ್ಮನಿಗೆ ಹೇಳಿದ್ದೇನೆ, ಗೋಣಿಚೀಲ ಹಾಸಿದ್ದಾರೆ, ಅದು ಸಾಲದು. ಭಾನುವಾರ ಎರಡು ಗಂಟೆಗೆ ಅನ್ನ ಖಾಲಿ. ಫೋನ್‌ಪೇ ಇದೆ, ನೆಟ್‌ವರ್ಕ್ ಮಾತ್ರ ಬಂದರೆ ಬಂತು. ಒಂದು ಸಲ ಬೆಂಗಳೂರಿನ ಹುಡುಗರ ಹತ್ತಿರ ಚಿಲ್ಲರೆ ಕಾಸೂ ಇರಲಿಲ್ಲ, ಸ್ಕ್ಯಾನ್ ಸುತ್ತುತ್ತಲೇ ಇತ್ತು. ಅಮ್ಮ ಗೋಡೆ ಮೇಲಿನ ನಂಬರ್ ತೋರಿಸಿ "ಸಿಗ್ನಲ್ ಸಿಕ್ಕಿದಾಗ ಹಾಕಿ, ಹೋಗ್ಬನ್ನಿ" ಅಂದರು. ಜಕ್ಕನಹಳ್ಳಿ ಹತ್ತಿರ ಸಿಗ್ನಲ್ ಬಂತು, ಹಾಕಿದರು. ಹಾಕದೇ ಹೋದವರೂ ಇದ್ದಾರಂತೆ. ಅದಕ್ಕೆ ಅಮ್ಮನ ಯಜಮಾನರು ಒಳಗಿನಿಂದ ಗೊಣಗುತ್ತಾರೆ. ಅವರು ಅಡುಗೆಮನೆ ಬಿಟ್ಟು ಹೊರಗೆ ಬರುವುದು ಅಪರೂಪ, ಬಂದರೂ ಮಾತು ಕಮ್ಮಿ. ಒಂದೇ ಮನೆಯಲ್ಲಿ ಇಬ್ಬರೂ ಮಾತಾಡಿದರೆ ಅನ್ನ ಸೀದುಹೋಗುತ್ತದೆ, ಇರಲಿ.

ರಾತ್ರಿ ಉಳಿಯಬೇಕು ಅನ್ನುವವರಿಗೂ ಅಮ್ಮನೇ ಎಲ್ಲೋ ಫೋನ್ ಮಾಡಿ ರೂಮು ಕೇಳಿಕೊಡುತ್ತಾರೆ. ರೂಮು ಸಾಧಾರಣ, ಮೊದಲೇ ಹಾಗಂತ ಹೇಳಿಬಿಡುತ್ತಾರೆ: "ಎ.ಸಿ. ಇಲ್ಲ, ಬಿಸಿನೀರು ಬೆಳಗ್ಗೆ ಮಾತ್ರ." ಹಾಗೆ ಹೇಳಿದ ಮೇಲೆ ಹೋದವರು ಯಾರೂ ಬಂದು ಜಗಳ ಆಡಿದ್ದು ನಾನು ನೋಡಿಲ್ಲ. ಇದೇ ರೂಮನ್ನು ಡೀಲಕ್ಸ್ ಅಂತ ಹೇಳಿ ಕಳಿಸಿದ್ದರೆ ಆವತ್ತು ರಾತ್ರಿಯೇ ನನಗೆ ಫೋನ್ ಬರುತ್ತಿತ್ತು.

ವೈರಮುಡಿ, ಅಂದರೆ ಚೆಲುವನಾರಾಯಣನಿಗೆ ವಜ್ರದ ಕಿರೀಟ ತೊಡಿಸುವ ಉತ್ಸವದ ಸಮಯದಲ್ಲಿ ಮಾತ್ರ ಈ ರಿವ್ಯೂ ನಂಬಿಕೊಂಡು ಹೋಗಬೇಡಿ. ಮಂಡ್ಯದ ಖಜಾನೆಯಿಂದ ಕಿರೀಟ ಪೊಲೀಸ್ ಕಾವಲಿನಲ್ಲಿ ಬರುವ ದಿನ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಗಾಡಿಯನ್ನು ಎಲ್ಲೋ ದೂರದಲ್ಲಿ ನಿಲ್ಲಿಸಿ ನಡೆಯಬೇಕು. ಆವತ್ತು ಅಮ್ಮ ಯಾರನ್ನೂ ಕೂರಿಸಿ ಕಥೆ ಹೇಳುವುದಿಲ್ಲ, ಹೇಳಲು ಪುರುಸೊತ್ತೂ ಇಲ್ಲ. ವಾರದ ದಿನ ಹೋಗಿ. ಬೆಳಗ್ಗೆ ಎಂಟಕ್ಕೆ ಮೈಸೂರು ಬಿಟ್ಟರೆ ಬೆಟ್ಟವನ್ನೂ ತಂಪು ಹೊತ್ತಿನಲ್ಲೇ ಮುಗಿಸಬಹುದು. ಬಾಗಿಲು ಹಾಕುವ ಸಮಯ ಹಬ್ಬ ಹರಿದಿನಕ್ಕೆ ಬದಲಾಗುತ್ತದೆ, ಕೇಳಿಕೊಂಡು ಹೊರಡಿ. ವಾಪಸ್ ಬರುವಾಗ ಹೊತ್ತಿದ್ದರೆ ತೊಣ್ಣೂರು ಕೆರೆ ದಾರಿಯಲ್ಲೇ ಸಿಗುತ್ತದೆ, ಸ್ವಲ್ಪ ಒಳಗೆ ಹೋಗಬೇಕು.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ಆ ಜಾರುವ ಕಲ್ಲು ತೆಗೆಸಿದ ಮೇಲೆ. ಮುಂದಿನ ವಾರ ಚೆನ್ನೈ ಪಾರ್ಟಿ ಇದೆ, ನಿನ್ನೆ ಅಮ್ಮನಿಗೆ ಫೋನ್ ಮಾಡಿ ಒಂಬತ್ತು ಜನ ಅಂದೆ. "ಎರಡು ಗಾಡೀನಾ? ಹಂಗಾದ್ರೆ ಇನ್ನೊಬ್ಬ ಡ್ರೈವರ್ ಬರ್ತಾನಲ್ಲ, ಅವನನ್ನೂ ಸೇರಿಸಿ ಹೇಳಪ್ಪ, ಹನ್ನೊಂದು" ಅಂದರು.